ಎಡಗಡೆಯ ಗಿಟಾರ್

ಹೋದ ತಿಂಗಳು ನಾಪೋಕ್ಲಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಶ್ರಫನನ್ನು ಮಾತಾಡಿಸಿ ಬರೋಣವೆಂದು ಅವನ ಅಂಗಡಿ ಕಡೆ ತಿರುಗಿದೆ. ಅಶ್ರಫ್ ಅಲ್ಲಿ ಬೈಕು, ಜೀಪುಗಳ ಬಿಡಿಭಾಗ ಮಾರುತ್ತಾನೆ. ಒಂದು ಕಾಲದಲ್ಲಿ ನನ್ನ ತಮ್ಮ ಚೇತನನ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಚೇತನನ ಹಳೆಯ ಆಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ್ದ. ಗಿಟಾರ್ ಸಿಕ್ಕಿಸಿರಲಿಲ್ಲ.

“ಆಗಾಗ ಬಿಸಿ ಮಾಡ್ಬೇಕು ಅಕ್ಕ. ಇಲ್ಲದಿದ್ರೆ ನಮ್ಮ ಥಂಡಿಗೆ ಒಳಗೆಲ್ಲ ಬೂಷ್ಟು ಹಿಡಿತದೆ,” ಅಂದ.

ಹಿಂಭಾಗದ ಜಾಲರಿಯೊಳಗೆ ಗಾಜಿನ ವಾಲ್ವುಗಳು ಕೆಂಡದ ಬಣ್ಣಕ್ಕೆ ತಿರುಗುತ್ತಿದ್ದವು. ಅವುಗಳ ಮೇಲೆ ಕೂತ ಧೂಳು ಸುಡುವ ವಾಸನೆ ನಿಧಾನವಾಗಿ ಕೋಣೆ ತುಂಬಿತು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಶ್ರಫನಿಗೆ ಅರ್ಥವಾಗಿರಬೇಕು. ಚಹಾ ಹೇಳಿ ಬರ್ತೇನೆ ಎಂದು ಹೊರಗೆ ಹೋದವನು ಬೇಗ ಬರಲಿಲ್ಲ.

ಒಂದು ಇಡೀ ಮಳೆಗಾಲ ನಾನು ಆ ವಾಸನೆಯೊಳಗೆ ಕಳೆದಿದ್ದೆ.

ನಮ್ಮ ಮನೆ ಗಾಳಿಬೀಡಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ, ನಾನು, ಚೇತನ, ಮೂವರೇ. ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಇಲ್ಲಿ ಮಾತ್ರ ನಮ್ಮ ಮಾತುಗಳನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದೇನೆ. ಮನೆಗೆ ತಾಗಿದ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು ನಾನು ಹೋಂಸ್ಟೇ ನಡೆಸುತ್ತೇನೆ, ಅಡುಗೆಯೂ ನನ್ನದೇ. ಚೇತನ ಆಗ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚಿ, ಆಮೇಲೆ ಸಂಜೆಯವರೆಗೂ ಅವರ ಜೊತೆ ತೋಟ ಸುತ್ತುವ ಉದ್ಯೋಗ. ಉಳಿದ ಹೊತ್ತೆಲ್ಲ ಗಿಟಾರ್.

ಅವರದು ಮೂವರ ಬ್ಯಾಂಡು. ಪೊನ್ನಪ್ಪ ಬಾಸ್ ಗಿಟಾರ್ ಹಿಡಿದು ಹಾಡುತ್ತಿದ್ದ, ಡ್ರಮ್ಸಿಗೆ ಅಶ್ರಫ್, ಚೇತನನದು ರಿದಂ ಗಿಟಾರ್. ಮದುವೆ ಮನೆಗಳ ಪಾರ್ಟಿಗಳಲ್ಲಿ, ಕ್ಲಬ್ಬುಗಳಲ್ಲಿ ಹಳೆಯ ಕಾಲದ ಹಾರ್ಡ್ ರಾಕ್ ನುಡಿಸುತ್ತಿದ್ದರು. ತಂತಿಗಳ ಮೇಲೆ ಬೆರಳು ಓಡಿಸಿ ಜನರ ಬಾಯಿ ತೆರೆಸುವ ಕೆಲಸ ಚೇತನನದಲ್ಲ. ಹಾಡಿನ ಅಡಿಯಲ್ಲಿ ನಿಂತು, ಎರಡೇ ಎರಡು ತಂತಿಗಳನ್ನು ಒಟ್ಟಿಗೆ ಹೊಡೆಯುವ ಗಟ್ಟಿ ಕಾರ್ಡುಗಳಿಂದ ಅದನ್ನು ಮುಂದಕ್ಕೆ ನೂಕುವುದಷ್ಟೇ ಅವನ ಪಾಲು. “ಲೀಡ್ ನುಡಿಸುವವರು ಊರು ತುಂಬ ಇದ್ದಾರೆ,” ಅನ್ನುತ್ತಿದ್ದ. “ಒಂದು ಕಾರ್ಡನ್ನ ನೆಟ್ಟಗೆ ಹೊಡೆಯುವವರು ಎಲ್ಲಿದ್ದಾರೆ ತೋರ್ಸು.”

ಮನೆಯ ಪಕ್ಕದ ಕಾಫಿ ಸ್ಟೋರು ಅವರ ಅಭ್ಯಾಸದ ಜಾಗ. ಕೊಯ್ಲು ಮುಗಿದು ಕಾಫಿ ಸಾಗಿಸಿದ ಮೇಲೆ ಅಲ್ಲಿ ಖಾಲಿ ಗೋಣಿಚೀಲಗಳ ರಾಶಿ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಅಮ್ಮನಿಗೆ ಆ ಸದ್ದು ಆಗುತ್ತಿರಲಿಲ್ಲ. “ತಗಡಿನ ಮೇಲೆ ಹಲಸಿನಕಾಯಿ ಉರುಳಿಸಿದ ಹಾಗೆ ಎಂತ ಅದು!” ಎಂದು ಗೊಣಗುತ್ತಲೇ ನುಡಿಸುವವರಿಗೆಲ್ಲ ಕಾಫಿ ಕಳಿಸುತ್ತಿದ್ದಳು.

ಆ ವರ್ಷ ಮಳೆ ಹಿಡಿಯುವ ಮೊದಲು ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿ ಗಿಡಗಳಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಮರದ ಮೇಲಿದ್ದವನು “ಕೊಂಬೆ ಬರ್ತದೆ, ಸರೀರಿ!” ಎಂದು ಕೂಗಿದ. ಕೆಳಗಿದ್ದವರೆಲ್ಲ ಓಡಿದರು. ಚೇತನ ಮಾತ್ರ ಬೆನ್ನು ಹಾಕಿ ನಿಂತಲ್ಲೇ ನಿಂತಿದ್ದ. ಕೊಂಬೆ ಅವನ ಎಡಭುಜವನ್ನು ಸವರಿಕೊಂಡು ಬಿತ್ತು. ಅಂಗಿ ಹರಿದು, ಭುಜ ತರಚಿಕೊಂಡು ಮನೆಗೆ ಬಂದವನು, “ಗಮನ ಬೇರೆ ಕಡೆ ಇತ್ತು,” ಅಂದ. ನಾನು ಅರಿಶಿನ ಹಚ್ಚುತ್ತಾ ಅವನ ಎಡಗಡೆ ನಿಂತು ಏನೋ ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಅವನು ಗೋಡೆ ನೋಡುತ್ತಾ ಕೂತೇ ಇದ್ದ. ಎಷ್ಟೋ ದಿನಗಳಿಂದ ಅವನು ಫೋನನ್ನು ಬಲಗಿವಿಗೆ ಮಾತ್ರ ಹಿಡಿಯುತ್ತಿದ್ದುದು ಆಗ ನೆನಪಾಯಿತು.

ಮುಂದಿನ ಭಾನುವಾರ ಅಭ್ಯಾಸಕ್ಕೆ ಮೂವರೂ ಸೇರಿದ್ದರು. ನಾನು ಕಾಫಿ ತೆಗೆದುಕೊಂಡು ಹೋದೆ. ಒಳಗೆ ಕಾಲಿಡುವಾಗಲೇ ಗಿಟಾರಿನ ಸದ್ದು ಹಲ್ಲಿನ ಬುಡಕ್ಕೆ ಇಳಿಯಿತು. ಅಶ್ರಫ್ ತಲೆ ತಗ್ಗಿಸಿ ನುಡಿಸುತ್ತಿದ್ದ. ಪೊನ್ನಪ್ಪ ಕಣ್ಣು ಚಿಕ್ಕದು ಮಾಡಿಕೊಂಡು ಹಾಡುತ್ತಿದ್ದ. ಹಾಡು ಮುಗಿದ ಮೇಲೆ ಚೇತನ, “ಸೌಂಡ್ ಹೇಗುಂಟು?” ಎಂದು ಕೇಳಿದ.

“ಬಾರೀ ಒಳ್ಳೇದುಂಟು,” ಅಂದ ಪೊನ್ನಪ್ಪ.

“ಎಂತ ಒಳ್ಳೇದು?” ಅಂದೆ ನಾನು. “ಚುಚ್ಚುತ್ತದೆ. ಪಾತ್ರೆ ತಳವನ್ನ ಚಾಕುವಿನಲ್ಲಿ ಕೆರೆದ ಹಾಗೆ.”

ಚೇತನ ಬಗ್ಗಿ ಆಂಪಿನ ನಾಬುಗಳನ್ನು ನೋಡಿದ. ತೀಕ್ಷ್ಣ ಸ್ವರಗಳನ್ನು ಹೆಚ್ಚಿಸುವ ಟ್ರೆಬಲ್ ನಾಬು ಕೊನೆಯವರೆಗೂ ತಿರುಗಿತ್ತು. ಅವನಿಗೆ ಕೇಳಿಸದೆ ತಿರುಗಿಸುತ್ತಾ ಹೋಗಿದ್ದ. ಗೆಳೆಯರಿಬ್ಬರಿಗೂ ಅದು ಗೊತ್ತಿತ್ತು, ಹೇಳುವ ಧೈರ್ಯ ಬಂದಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನಿಧಾನವಾಗಿ, ಬಿಡಿಸಿ ಹೇಳಿದರು. ದೇಹವೇ ತನ್ನ ಒಳಗಿವಿಯನ್ನು ಶತ್ರು ಎಂದು ತಿಳಿದು ತಿನ್ನುತ್ತಿದೆ. ಎಡಗಿವಿ ಹೋಗಿಯೇ ಬಿಟ್ಟಿದೆ. ಬಲಗಿವಿಯೂ ಅದೇ ದಾರಿಯಲ್ಲಿದೆ. ಮಾತ್ರೆ ಕೊಡುತ್ತೇವೆ, ನಿಂತರೂ ನಿಲ್ಲಬಹುದು. ಚೇತನ, “ಮಳೆಗಾಲ ಮುಗಿಯುವವರೆಗೆ ಇರ್ತದಾ ಸಾರ್?” ಎಂದು ಕೇಳಿದ, ಮನೆಗೆ ಬಂದ ನೆಂಟರ ವಿಚಾರ ಕೇಳುವ ಹಾಗೆ. ಡಾಕ್ಟರು, “ಹೇಳಲಿಕ್ಕಾಗೋದಿಲ್ಲ,” ಅಂದರು.

ವಾಪಸು ಬರುವ ಬಸ್ಸಿನಲ್ಲಿ ನನ್ನನ್ನು ತನ್ನ ಬಲಗಡೆಗೆ ಕೂರಿಸಿಕೊಂಡ. ಬಸ್ಸು ಕುಶಾಲನಗರ ದಾಟಿತು. ಆಮೇಲೆ ಅಂದ:

“ಅಕ್ಕ, ಒಂದು ಕೇಳ್ತೇನೆ. ಬೇಡ ಅನ್ಬೇಡ.”

“ಎಂತ?”

“ನಮ್ಮ ಹಾಡನ್ನ ಒಂದು ಸಲ ಸರಿಯಾಗಿ ರೆಕಾರ್ಡ್ ಮಾಡ್ಬೇಕು. ನನ್ನ ಗಿಟಾರಿನ ಸೌಂಡ್ ಎಲ್ಲೂ ಇಲ್ಲ. ಮದುವೆ ವಿಡಿಯೋಗಳಲ್ಲಿ ಜನರ ಗಲಾಟೆ ಮಧ್ಯ ಇರುದು ಬಿಟ್ರೆ ಎಲ್ಲೂ ಇಲ್ಲ.”

“ಮಾಡು. ಬೇಡ ಅಂದವರು ಯಾರು?”

“ನನ್ನ ಕಿವಿಯನ್ನ ಇನ್ನು ನಂಬ್ಲಿಕ್ಕೆ ಆಗುದಿಲ್ಲ. ನಿನ್ನ ಕಿವಿ ಬೇಕು.”

“ನನಗೆ ಸ ಯಾವುದು ಪ ಯಾವುದು ಗೊತ್ತಿಲ್ಲ ಮಾರಾಯ. ಪೊನ್ನಪ್ಪನನ್ನ ಕೇಳು.”

“ಪೊನ್ನಪ್ಪ ನನ್ನ ಮುಖ ನೋಡಿ ಒಳ್ಳೇದುಂಟು ಅಂತಾನೆ. ಚುಚ್ಚುತ್ತದೆ ಅಂತ ಹೇಳಿದ್ದು ನೀನು.”

ಕಿಟಕಿಯಾಚೆ ಮೊದಲ ಮಳೆ ಶುರುವಾಗಿತ್ತು. ನಾನು ಹೂಂ ಅಂದೆ. ಹಾಡು ಅವರದೇ, ಪೊನ್ನಪ್ಪ ಬರೆದು ಮೂವರೂ ಕೂಡಿಸಿದ್ದು. ನನಗೆ ಅದರ ಸಾಲುಗಳೂ ಸರಿಯಾಗಿ ಬರುತ್ತಿರಲಿಲ್ಲ.

ಡಾಕ್ಟರು ದೊಡ್ಡ ಸದ್ದಿನ ಹತ್ತಿರ ಇರಬೇಡ ಎಂದಿದ್ದರು. ಆದರೆ ಆ ವಾಲ್ವ್ ಆಂಪನ್ನು ಗಟ್ಟಿಯಾಗಿ ಇಡದೆ ಅವನಿಗೆ ಬೇಕಾದ ಸೌಂಡ್ ಹುಟ್ಟುವುದಿಲ್ಲ. ಅದಕ್ಕೆ ಆಂಪನ್ನು ಸ್ಟೋರಿನ ಒಳಕೋಣೆಯಲ್ಲಿ ಗೋಣಿಚೀಲಗಳ ನಡುವೆ ಇಟ್ಟು, ಅದರ ಸ್ಪೀಕರಿನೆದುರು ಮೈಕ್ ನಿಲ್ಲಿಸಿದರು. ಚೇತನ ಹೊರಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಸದ್ದು ಕಡಿಮೆ ಇಟ್ಟ ಹೆಡ್‌ಫೋನು ಹಾಕಿ ನುಡಿಸುವುದು. ನಾನು ಒಳಗೆ ಕೂತು ಕೇಳಿ, ಎದ್ದು ಬಂದು ಹೇಳುವುದು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಮಳೆಯಿಂದ ತೋಟದ ಕೆಲಸ ನಿಂತ ದಿನಗಳಲ್ಲಿ, ಅದೇ ನಮ್ಮಿಬ್ಬರ ಕೆಲಸವಾಯಿತು.

ಸಂಗೀತದ ಭಾಷೆ ನನಗಿರಲಿಲ್ಲ. ಅಡುಗೆಮನೆಯದನ್ನೇ ತಂದೆ. ಹಸಿ ಉಂಟು, ಸೀದುಹೋಗಿದೆ, ನೀರಾಗಿದೆ, ತಳದಲ್ಲಿ ಗಸಿ ಕೂತ ಹಾಗಿದೆ. ಚೇತನ ನಗದೆ ಕೇಳುತ್ತಿದ್ದ. ಗಸಿ ಎಂದರೆ ತಗ್ಗು ಸ್ವರಗಳ ಬಾಸ್ ನಾಬನ್ನು ಇಳಿಸುತ್ತಿದ್ದ. ನೀರಾಗಿದೆ ಎಂದರೆ ನಡುವಿನ ಸ್ವರಗಳ ಮಿಡ್ ನಾಬನ್ನು ಏರಿಸುತ್ತಿದ್ದ. ಕೆಲವೊಮ್ಮೆ ನಾಬು ಮುಟ್ಟದೆ ತಂತಿ ಮೀಟುವ ಪಿಕ್ ಹಿಡಿಯುವ ಬೆರಳುಗಳನ್ನು ಬಿಗಿ ಮಾಡಿಕೊಂಡು ಇನ್ನೊಮ್ಮೆ ಹೊಡೆಯುತ್ತಿದ್ದ, ಅಷ್ಟಕ್ಕೇ ಸದ್ದು ಬೇರೆಯಾಗುತ್ತಿತ್ತು. ಮೈಕನ್ನು ಸ್ಪೀಕರಿನ ನಟ್ಟನಡುವೆ ಹಿಡಿದರೆ ಚುರುಕು, ಅಂಚಿಗೆ ತಂದರೆ ಮಂಕು. ನಾನು ಅದನ್ನು ಬೆರಳಿನಷ್ಟು ಸರಿಸಿ ಕಿವಿಗೊಡುತ್ತಿದ್ದೆ.

ಗೇನ್ ಎಂಬ ನಾಬು ನನಗೆ ಬಹಳ ಇಷ್ಟವಾಗಿತ್ತು. ಅದನ್ನು ಏರಿಸಿದಷ್ಟೂ ಗಿಟಾರ್ ಒಡೆದು, ದಪ್ಪವಾಗಿ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ಗುಡುತ್ತಿತ್ತು. ಒಂದು ಮಧ್ಯಾಹ್ನ ಗೇನು, ಬಾಸು ಎರಡನ್ನೂ ಏರಿಸಿ, “ಇದೇ! ಇದು ಬೆಣ್ಣೆ ಹಾಗುಂಟು!” ಎಂದು ಓಡಿ ಬಂದು ಹೇಳಿದೆ. ಚೇತನ ಮೊದಲ ಸಲ ನಕ್ಕ.

“ಹಾಗೇ ಇರ್ಲಿ. ಭಾನುವಾರ ಅವರಿಬ್ಬರು ಬರ್ತಾರಲ್ಲ, ಆಗ ಕೇಳು.”

ಭಾನುವಾರ ಅಶ್ರಫ್ ಒಳಕೋಣೆಯಲ್ಲಿ ಡ್ರಮ್ಸ್ ಶುರು ಮಾಡಿದ. ಪೊನ್ನಪ್ಪನ ಬಾಸ್ ಸೇರಿತು. ನನ್ನ ಬೆಣ್ಣೆಯಂಥ ಗಿಟಾರ್ ಎಲ್ಲಿ ಹೋಯಿತೋ! ಚೇತನನ ಕೈ ಆಡುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು, ಆದರೆ ಬಾಸಿನ ಗುಡುಗಿನಲ್ಲಿ ಮುಳುಗಿ ಬರೀ ಒಂದು ಗೊರಗೊರ ಉಳಿದಿತ್ತು. ಚೇತನ ಎದ್ದು ಬಂದು ಗೇನನ್ನು ಅರ್ಧಕ್ಕೆ ಇಳಿಸಿದ, ಬಾಸನ್ನು ಇನ್ನೂ ಕೆಳಗೆ ತಂದ, ಮಿಡ್ ಏರಿಸಿದ, ಒಟ್ಟು ಸದ್ದನ್ನು ಜೋರು ಮಾಡಿದ. ಒಬ್ಬನೇ ಹೊಡೆದು ತೋರಿಸಿದಾಗ ಅದು ಒಣಕಲಾಗಿ, ಒರಟಾಗಿ ಕೇಳಿತು. ಚೆನ್ನಾಗಿಲ್ಲ ಅಂದೆ. “ಈಗ ಮೂವರದ್ದು ಕೇಳು,” ಅಂದ.

ಮೂವರೂ ನುಡಿಸಿದರು. ಡ್ರಮ್ಸಿನ ಪ್ರತಿ ಏಟಿನ ಪಕ್ಕದಲ್ಲಿ ಗಿಟಾರ್ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಬಾಸ್ ಅದರ ಕೆಳಗೆ, ಹಾಡು ಅದರ ಮೇಲೆ. ಅಂಗೈಯನ್ನು ತಂತಿಗೆ ಒತ್ತಿ ಹೊಡೆದಾಗ ಗಂಟಲಲ್ಲಿ ತಡೆದ ಮಾತಿನ ಹಾಗೆ, ಕೈ ಎತ್ತಿದಾಗ ಬಾಗಿಲು ತೆರೆದ ಹಾಗೆ. ನಡುನಡುವೆ ಅವನು ಬಿಡುತ್ತಿದ್ದ ಸಣ್ಣ ಮೌನಗಳೂ ಕೇಳಿಸಿದವು. ಅಷ್ಟು ವರ್ಷ ಅಡುಗೆಮನೆಯಿಂದ ಅದನ್ನು ಕೇಳಿದ್ದೆ. ನನ್ನ ತಮ್ಮ ಎಂಥವನು ಎಂದು ತಿಳಿದದ್ದು ಅವತ್ತು.

“ಒಂಟಿಯಾಗಿ ಕೇಳುವಾಗ ಚೆಂದ ಇರ್ಬೇಕಂತ ಇಲ್ಲ ಅಕ್ಕ,” ಅಂದ. “ಇನ್ನೊಬ್ಬರಿಗೆ ಜಾಗ ಬಿಡ್ಬೇಕು. ಅಷ್ಟೇ.”

ಆ ಭಾನುವಾರವೇ ಡ್ರಮ್ಸ್, ಬಾಸ್, ಹಾಡು ಮೂರನ್ನೂ ಪೊನ್ನಪ್ಪನ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಂಡರು. ಗಿಟಾರ್ ಮಾತ್ರ ಉಳಿಯಿತು. ಆಮೇಲೆ ಮಳೆ ಬಿಡಲೇ ಇಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಬಂದರೂ ವೋಲ್ಟೇಜ್ ಇರುತ್ತಿರಲಿಲ್ಲ. ವಾಲ್ವುಗಳು ಸರಿಯಾಗಿ ಕಾಯದೆ ಗಿಟಾರ್ ಬೆಂದು ಮುದ್ದೆಯಾದ ಅನ್ನದ ಹಾಗೆ ಮೆತ್ತಗಾಗುತ್ತಿತ್ತು. ಅಶ್ರಫ್ ಒಂದು ಸ್ಟೆಬಿಲೈಸರ್ ತಂದು ಕೂರಿಸಿದ. ಅದರದೇ ಗುಂಯ್ ಸದ್ದು ಮೈಕಿಗೆ ಸೇರಿತು. ತಂತಿಗಳಿಗೆ ತುಕ್ಕು ಹಿಡಿಯುತ್ತಿತ್ತು. ನಾವು ಕಾಯುತ್ತಾ ಕೂತೆವು. ಕಾಯುತ್ತಿದ್ದುದು ಮಳೆ ಬಿಡುವುದಕ್ಕೆ ಮಾತ್ರ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾತ್ರೆಗಳಿಂದ ಚೇತನನ ಮುಖ ಊದಿಕೊಂಡಿತ್ತು. ಒಂದು ಬೆಳಿಗ್ಗೆ ಅವನು ಒಲೆಯ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದಾಗ ಕುಕ್ಕರ್ ಕೂಗಿತು. ಅವನು ತಿರುಗಿ ನೋಡಲಿಲ್ಲ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಶ್ರುತಿ ಮಾಡುವಾಗ ಅವನು ತಂತಿಯ ಕಂಪನ ತಿಳಿಯಲೆಂದು ಗಿಟಾರಿನ ಮೈಗೆ ಹಲ್ಲು ತಾಗಿಸಿ ಕೂರುವುದನ್ನೂ ನಾನು ನೋಡಿದೆ. ಮಳೆಯ ನಡುವೆ ಅಭ್ಯಾಸ ನಿಂತ ಒಂದು ಸಂಜೆ ಅಮ್ಮ ಅವನ ಬಲಗಿವಿಯ ಹತ್ತಿರ ಬಗ್ಗಿ, “ಇವತ್ತು ಯಾಕೆ ನುಡಿಸ್ಲಿಲ್ಲ ಮಗ?” ಎಂದು ಕೂಗಿ ಕೇಳಿದಳು. ಹಿಂದೆ ಎಂದೂ ಕೇಳಿದವಳಲ್ಲ.

ಜಡಿಮಳೆಯ ಆಟಿ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಿಗ್ಗೆಯಿಂದಲೇ ಮಳೆ ಬಿಟ್ಟು ಹೊಳವಾಯಿತು. ಕರೆಂಟು ಗಟ್ಟಿಯಾಗಿ ನಿಂತಿತು. ಫೋನು ಮಾಡಿದ ಕೂಡಲೇ ಪೊನ್ನಪ್ಪ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಚೇತನ ಹೊಸ ತಂತಿ ಕಟ್ಟಿದ. ನಾನು ಒಳಗೆ ಹೋಗಿ ಮೈಕನ್ನು ನಡುವಿಗೂ ಅಂಚಿಗೂ ಮಧ್ಯದಲ್ಲಿ, ನಮಗಿಬ್ಬರಿಗೂ ಒಪ್ಪಿಗೆಯಾದ ಕಡೆ ನಿಲ್ಲಿಸಿದೆ.

ಇಂಥ ಹಾಡುಗಳಲ್ಲಿ ರಿದಂ ಗಿಟಾರನ್ನು ಎರಡು ಸಲ ನುಡಿಸಿ ರೆಕಾರ್ಡ್ ಮಾಡುತ್ತಾರೆ ಎಂದು ಅವನು ಮೊದಲೇ ವಿವರಿಸಿದ್ದ. ಒಂದನ್ನು ಬಲಗಡೆ ಇಡುವುದು, ಇನ್ನೊಂದನ್ನು ಎಡಗಡೆ. ಒಬ್ಬನೇ ಮನುಷ್ಯ ಅದನ್ನೇ ಎರಡು ಸಲ ನುಡಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅದರಿಂದಲೇ ಹಾಡು ಅಗಲವಾಗುವುದು, ಕೇಳುವವನು ನಡುವೆ ನಿಂತ ಹಾಗಾಗುವುದು.

ಮೊದಲು ಬಲಗಡೆಯದು. ಚೇತನ ನುಡಿಸಿದ. ನಾನು ಒಳಗೆ ಗೋಣಿಯ ಮೇಲೆ ಕೂತು ಕೇಳಿದೆ. ಬೆಂದಿತ್ತು, ಸೀದಿರಲಿಲ್ಲ. ಹೊರಗೆ ಬಂದಾಗ ಅವನು ಬಲಗಿವಿಗೆ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಪೊನ್ನಪ್ಪ ನುಡಿಸಿದ್ದನ್ನು ಅವನಿಗೆ ಕೇಳಿಸುತ್ತಿದ್ದ. ಚೇತನ ಕಣ್ಣು ಬಿಟ್ಟು, “ಮೇಲಿನ ಸ್ವರ ಗೊತ್ತಾಗುದಿಲ್ಲ. ನಡುವಿಂದು ಕೇಳ್ತದೆ. ಸರಿಯುಂಟು,” ಅಂದ. “ಸರಿಯುಂಟಲ್ವಾ ಅಕ್ಕ?”

“ಸರಿಯುಂಟು,” ಅಂದೆ, ಅವನಿಗೆ ತುಟಿ ಕಾಣುವ ಹಾಗೆ.

ಆಮೇಲೆ ಎಡಗಡೆಯದು. ಬಲಗಿವಿಗೆ ತಾನು ಆಗಲೇ ನುಡಿಸಿದ್ದನ್ನು ಹಾಕಿಸಿಕೊಂಡು, ಅದರ ಜೊತೆ ಹೆಜ್ಜೆ ಇಡುತ್ತಾ ನುಡಿಸಬೇಕು. ಈಗ ನುಡಿಸುತ್ತಿರುವುದು ಬೀಳುವುದು ಎಡಗಿವಿಗೆ. ಅದು ಅವನಿಗೆ ಎಂದೂ ಕೇಳುವುದಿಲ್ಲ. ಬೇಕಾದರೆ ಅದನ್ನೂ ಬಲಗಿವಿಗೇ ಹಾಕುತ್ತೇನೆ ಎಂದ ಪೊನ್ನಪ್ಪ. ಎರಡೂ ಸೇರಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ, ಬೇಡ ಎಂದು ತಲೆಯಾಡಿಸಿದ ಚೇತನ. “ಎಡಗಡೆಯದ್ದು ಅಕ್ಕ ಕೇಳ್ಲಿ.”

ಮೊದಲ ಸಲ ನುಡಿಸಿದ್ದು ಹಿಂದೆ ಬಿತ್ತು. ಹೇಳಿದೆ. ಮತ್ತೊಮ್ಮೆ ಅವಸರವಾಯಿತು. ಹೇಳಿದೆ. ಆಮೇಲಿನದು ಚೆನ್ನಾಗಿಯೇ ಇತ್ತು, ಆದರೆ ಕೊನೆಯ ಹೊಡೆತಗಳಲ್ಲಿ ಕೈ ಸೋತಿತ್ತು. ಅವನ ಊದಿದ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಪೊನ್ನಪ್ಪ ನನ್ನ ಕಡೆ ನೋಡಿ, ಸಾಕು ಅನ್ನಿ ಯಶಕ್ಕ ಎಂದು ಕಣ್ಣಲ್ಲೇ ಬೇಡಿಕೊಂಡ. ನನಗೂ ಹಾಗೆ ಅನ್ನಿಸಿತು. ಸಾಕೆಂದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ಅದಕ್ಕಾಗಿಯೇ ನನ್ನನ್ನು ಕೂರಿಸಿದ್ದ.

“ಇನ್ನೊಂದು ಸಲ,” ಅಂದೆ.

ಚೇತನ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ. ಗಿಟಾರನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಹಿಡಿದ. ನಾನು ಒಳಗೆ ಹೋದೆ. ಆ ಸಲ ನುಡಿಸಿದ್ದನ್ನು ಹೇಗೆ ಹೇಳುವುದೆಂದು ನನಗೆ ಈಗಲೂ ತಿಳಿಯದು, ನನ್ನ ಅಡುಗೆಮನೆಯ ಮಾತುಗಳು ಸಾಲುವುದಿಲ್ಲ. ಹಾಡು ಮುಗಿದು ಕೊನೆಯ ಕಾರ್ಡು ಕರಗುವವರೆಗೂ ಗೋಣಿಯ ಮೇಲಿಂದ ಏಳಲಿಲ್ಲ. ಹೊರಗೆ ಬಂದಾಗ ಪೊನ್ನಪ್ಪ ಬೆನ್ನು ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದ. ಚೇತನ ನನ್ನ ಮುಖ ನೋಡಿದ. ಅವನು ಗಿಟಾರನ್ನು ನಿಧಾನವಾಗಿ ಪೆಟ್ಟಿಗೆಯೊಳಗೆ ಮಲಗಿಸಿದ.

ಕೈಲ್‌ಮುಹೂರ್ತ ಕೋವಿ, ಕತ್ತಿಗಳನ್ನು ಪೂಜಿಸುವ ಹಬ್ಬ. ಆ ದಿನ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಚೇತನ ನನ್ನ ಪಕ್ಕದಲ್ಲಿ ನಿಂತಿದ್ದ. ಕೋವಿ ಸಿಡಿಯಿತು. ಸುತ್ತಲಿದ್ದವರ ಭುಜಗಳು ಒಮ್ಮೆಲೇ ಅದುರಿದವು, ಮಕ್ಕಳು ಕಿವಿ ಮುಚ್ಚಿಕೊಂಡರು. ಅವನು ನಳಿಕೆಯಿಂದ ಏಳುತ್ತಿದ್ದ ಹೊಗೆಯನ್ನೇ ನೋಡಿದ. ಆಮೇಲೆ ಜನರನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ತನ್ನ ಧ್ವನಿ ಎಷ್ಟು ಎತ್ತರ ಎಂಬುದರ ಅಂದಾಜಿಲ್ಲದೆ ಗಟ್ಟಿಯಾಗಿ ಕೇಳಿದ: “ಹೊಡೆದಾಯ್ತಾ?”

ಹತ್ತಿರದವರೆಲ್ಲ ತಿರುಗಿ ನೋಡಿದರು. ನಾನು ಅವನ ಕೈ ಹಿಡಿದುಕೊಂಡು ಆಯ್ತೆಂದು ತಲೆಯಾಡಿಸಿದೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಹಿಡಿದಿದ್ದು ಬಿಟ್ಟರೆ ಅವನ ಕೈ ಹಾಗೆ ಹಿಡಿದದ್ದು ಅವತ್ತೇ.

ಚೇತನ ರೈಟರ್ ಕೆಲಸ ಬಿಟ್ಟ. ಆಂಪನ್ನು ಅಶ್ರಫ್ ತೆಗೆದುಕೊಂಡು ಹೋದ, ಇಲ್ಲಿದ್ದರೆ ಅವನ ಕಣ್ಣಿಗೆ ಬೀಳುತ್ತದೆಂದು. ಗಿಟಾರ್ ಮಂಚದ ಕೆಳಗೆ ಉಳಿಯಿತು. ಅವನು ಮನೆಯ ಹಿಂದೆ ಕರಿಮೆಣಸಿನ ಬಳ್ಳಿಯ ನರ್ಸರಿ ಶುರು ಮಾಡಿದ. ದಿನವಿಡೀ ಗಿಡಗಳ ಜೊತೆ, ಮಾತಿಲ್ಲದೆ. ನಾವು ಬೆರಳಲ್ಲಿ ತೋರಿಸಿ, ತುಟಿ ಆಡಿಸಿ, ಫೋನಿನಲ್ಲಿ ಬರೆದು ತೋರಿಸಿ ಬದುಕುವುದನ್ನು ಕಲಿತೆವು. ಅಮ್ಮನಿಗೆ ಅದು ಬರಲೇ ಇಲ್ಲ. ಅವಳು ಅವನ ಎದುರು ಕೂತು ಮಾಮೂಲಿನ ಹಾಗೆಯೇ ಮಾತಾಡುತ್ತಿದ್ದಳು, ಅವನೂ ಕೇಳಿಸಿದವನ ಹಾಗೆ ನೋಡುತ್ತಿದ್ದ.

ಕೆಲವು ಮಳೆಗಾಲ ಕಳೆದ ಮೇಲೆ ಮೈಸೂರಿನಲ್ಲಿ ಅವನ ಬಲಗಿವಿಯ ಒಳಗೆ ಒಂದು ಉಪಕರಣ ಕೂರಿಸಿದರು. ಕಿವಿಯ ಹಿಂದೆ ಹಾಕಿಕೊಳ್ಳುವ ಅದರ ಇನ್ನೊಂದು ತುಂಡು ಹೊರಗಿನ ಸದ್ದನ್ನು ಹಿಡಿದು ಕೊಡುತ್ತದೆ, ಒಳಗಿನದು ಅದನ್ನು ವಿದ್ಯುತ್ತಾಗಿ ಮಾಡಿ ನರಕ್ಕೆ ಮುಟ್ಟಿಸುತ್ತದೆ. ಮೊದಲ ದಿನ ನನ್ನ ಧ್ವನಿ ಅವನಿಗೆ ಸ್ಟೇಷನ್ ಸಿಗದ ರೇಡಿಯೋದ ಹಾಗೆ ಕೇಳಿತಂತೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ. ನಾನು ಬೆನ್ನ ಹಿಂದೆ ನಿಂತು ಒಂದೊಂದೇ ಪದ ಹೇಳುವುದು, ಅವನು ತಿರುಗಿ ಹೇಳುವುದು. ಅಕ್ಕಿ, ಹಕ್ಕಿ, ಸಕ್ಕರೆ. ಒಂದು ದಿನ ಅಮ್ಮ ಹಿತ್ತಲಿನಿಂದ “ಚೇತೂ” ಎಂದು ಕರೆದಳು. ಅವನು “ಬಂದೆ” ಅಂದ. ಅಮ್ಮ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು.

ಮಾತು ಬರುತ್ತದೆ, ಸಂಗೀತ ಬರುವುದು ಕಷ್ಟ ಎಂದು ಅಲ್ಲಿಯವರು ಮೊದಲೇ ಹೇಳಿದ್ದರು. ಆದರೂ ಮೊದಲು ಚೆನ್ನಾಗಿ ಪರಿಚಯವಿದ್ದ ಸದ್ದುಗಳನ್ನು ಆಗಾಗ ಕೇಳಿಸಿ ನೋಡಿ ಎಂದಿದ್ದರು. ಅದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಈ ವರ್ಷ ಕಾಫಿ ಹೂ ಬಿಟ್ಟ ಸಮಯದಲ್ಲಿ ಒಂದು ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಕೂತು ತಿಂಡಿ ತಿನ್ನುತ್ತಿದ್ದ. ಏನೂ ಹೇಳದೆ ನಾನು ಸ್ಪೀಕರಿನಲ್ಲಿ ಅವರ ಹಾಡು ಹಾಕಿದೆ. ಮೊದಲು ಬಲಗಡೆಯಿಂದ ಗಿಟಾರ್, ನಾಲ್ಕು ಹೊಡೆತದ ಮೇಲೆ ಎಡಗಡೆಯದೂ ಸೇರುತ್ತದೆ. ಡ್ರಮ್ಸ್ ಆಮೇಲೆ. ನಾನು ದೋಸೆ ಹುಯ್ಯುತ್ತಾ ಅವನ ಮುಖವನ್ನೇ ನೋಡುತ್ತಿದ್ದೆ.

ಅವನು ತಲೆ ಎತ್ತಿದ. ಹುಬ್ಬು ಗಂಟಾಯಿತು. ಸ್ವಲ್ಪ ಹೊತ್ತು ಸ್ಪೀಕರಿನ ಕಡೆ ಕಿವಿ ಮಾಡಿ ಕೂತ. ನನ್ನ ಕೈಯಲ್ಲಿ ಸೌಟು ಹಾಗೇ ಇತ್ತು.

“ಇನ್ನೊಂದು ದೋಸೆ ಹಾಕ್ಲಾ?” ಅಂದೆ, ಏನಾದರೂ ಅನ್ನಬೇಕಲ್ಲ ಎಂದು.

“ಎಂತ?” ಅಂದ. ಕಿವಿಯ ಹಿಂದಿನ ಉಪಕರಣವನ್ನು ಮುಟ್ಟಿ ನೋಡಿಕೊಂಡ. “ಅಕ್ಕ, ಆ ಶಬ್ದ ಒಂದು ನಿಲ್ಲಿಸು. ಅದರಲ್ಲಿ ನಿನ್ನ ಮಾತೇ ಕೇಳುದಿಲ್ಲ.”

ನಾನು ನಿಲ್ಲಿಸಿದೆ.

“ಹಾಂ, ಈಗ ಹೇಳು,” ಅಂದ.